ಉಳಿದ ಹತ್ತು ಮಂದಿ

ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಹಂಗಳದವರೆಗೆ ಬಂದು ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡ ಸಿಗುತ್ತದೆ. ನಿಮ್ಮ ಕಾರು, ಬೈಕು, ಟೆಂಪೋ ಎಲ್ಲವೂ ಅಲ್ಲಿಗೇ ನಿಲ್ಲಬೇಕು. ಬೆಟ್ಟವಿರುವುದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಸ್ವಂತ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ಟಿಕೆಟ್ ತೆಗೆದುಕೊಂಡು ಕೆ.ಎಸ್.ಆರ್.ಟಿ.ಸಿ. ಬಸ್ಸು ಹತ್ತಬೇಕು. 1454 ಮೀಟರ್ ಎತ್ತರದ ನೆತ್ತಿಯಲ್ಲಿ ಮಂಜು ಹೊದ್ದು ನಿಂತಿರುವ ವೇಣುಗೋಪಾಲಸ್ವಾಮಿಯನ್ನು ನೋಡಲು ಶ್ರಾವಣದ ಶನಿವಾರ, ರಜಾದಿನ ಎಂದರೆ ಬುಡದಲ್ಲಿ ಸಾಲು ಬೆಳೆಯುತ್ತಲೇ ಇರುತ್ತದೆ.

ಆ ಸಾಲಿನಿಂದಲೇ ನಾಲ್ಕನೇ ತರಗತಿಗೆ ಒಂದು ಹೇಳಿಕೆ ಲೆಕ್ಕ ತೆಗೆಯೋಣ. ಸಾಲಿನಲ್ಲಿ 250 ಜನ ಇದ್ದಾರೆ. ಬಸ್ಸಿನಲ್ಲಿ 30 ಸೀಟು ಎಂದಿಟ್ಟುಕೊಳ್ಳಿ. ಎಲ್ಲರನ್ನೂ ಮೇಲೆ ಮುಟ್ಟಿಸಲು ಬಸ್ಸು ಎಷ್ಟು ಸಲ ಬೆಟ್ಟ ಹತ್ತಬೇಕು?

250ನ್ನು 30ರಿಂದ ಭಾಗಿಸಿದರೆ ಭಾಗಲಬ್ಧ 8, ಶೇಷ 10. ಮಗ್ಗಿ ಬರುವ ಮಗು ಇದನ್ನು ನಿಮಿಷದಲ್ಲಿ ಮಾಡಿಬಿಡುತ್ತದೆ. ಮಾಡಿ, ಕೆಳಗೆ ‘ಉತ್ತರ: 8 ಸಲ, ಶೇಷ 10’ ಎಂದು ಬರೆದು, ಸ್ಕೇಲಿಟ್ಟು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ಮೇಷ್ಟ್ರು ಅದಕ್ಕೆ ಕೆಂಪು ಶಾಯಿಯಲ್ಲಿ ಸರಿ ಹಾಕುತ್ತಾರೆ. ಬೆಟ್ಟದ ಬುಡದಲ್ಲಿ ಮಾತ್ರ ಹತ್ತು ಜನ ನಿಂತೇ ಇರುತ್ತಾರೆ. ಅವರಲ್ಲಿ ಸೊಸೆಯ ಕೈ ಹಿಡಿದುಕೊಂಡ ಒಬ್ಬ ಅಜ್ಜಿ ಇರಬಹುದು, ಹರಕೆ ಹೊತ್ತು ಬಂದ ಗಂಡ ಹೆಂಡತಿ ಇರಬಹುದು, ಕಂಕುಳಲ್ಲಿ ಕೂಸು ಇರಬಹುದು. ಆಟೋ ಮಾಡಿಕೊಂಡು ಹೋಗಿ ಅನ್ನೋಣ ಎಂದರೆ ಆಟೋವನ್ನು ಬಿಡುವುದಿಲ್ಲ. ನಡೆದು ಹೋಗಿ ಅನ್ನೋಣ ಎಂದರೆ ಅದು ಆನೆ ಓಡಾಡುವ ದಾರಿ. ಬೇರೆ ಊರಿನಲ್ಲಾದರೆ ಶೇಷಕ್ಕೆ ಹೇಗೋ ಒಂದು ದಾರಿ ಸಿಗುತ್ತದೆ. ಇಲ್ಲಿ ಒಂಬತ್ತನೇ ಸಲ ಬಸ್ಸು ಬರದೆ ಹೋದರೆ ಅವರಿಗೆ ದರ್ಶನವಿಲ್ಲ.

ಭಾಗಾಕಾರವನ್ನು ನಾವು ಕಲಿಸುತ್ತೇವೆ, ಚೆನ್ನಾಗಿಯೇ ಕಲಿಸುತ್ತೇವೆ. ಭಾಗಾಕಾರ ಮುಗಿದ ಮೇಲೆ ಉಳಿದದ್ದನ್ನು ಏನು ಮಾಡಬೇಕು ಎಂಬುದನ್ನು ಮಾತ್ರ ಕಲಿಸುವುದಿಲ್ಲ. ಇವತ್ತಿನ ನನ್ನ ತಕರಾರು ಇಷ್ಟೇ.

ಇದು ನಮ್ಮ ತಾಲ್ಲೂಕಿನ ಮಕ್ಕಳ ಕೊರತೆ ಎಂದು ಯಾರೂ ತಿಳಿಯಬೇಡಿ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ರಾಷ್ಟ್ರಮಟ್ಟದ ಒಂದು ಪರೀಕ್ಷೆಯಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಹೆಚ್ಚು ಕಡಿಮೆ ಇದೇ ಲೆಕ್ಕ ಕೊಟ್ಟಿದ್ದರು. ಸೈನ್ಯದ ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು; 1128 ಸೈನಿಕರನ್ನು ತರಬೇತಿ ಶಿಬಿರಕ್ಕೆ ಒಯ್ಯಬೇಕು; ಎಷ್ಟು ಬಸ್ಸು ಬೇಕು? ಭಾಗಿಸಿದರೆ 31 ಬಂದು 12 ಉಳಿಯುತ್ತದೆ. ನೂರಕ್ಕೆ ಸುಮಾರು 70 ಮಕ್ಕಳು ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿದರು. ಆದರೆ ನೂರಕ್ಕೆ 29 ಮಂದಿ ‘31 ಬಸ್ಸು, ಶೇಷ 12’ ಎಂದು ಬರೆದರು. 18 ಮಂದಿ 12 ಸೈನಿಕರನ್ನು ದಾರಿಯಲ್ಲೇ ಬಿಟ್ಟು 31 ಎಂದರು. 32 ಬಸ್ಸು ಬೇಕು ಎಂದವರು 23 ಮಂದಿ ಮಾತ್ರ. ನಲವತ್ತು ವರ್ಷ ದಾಟಿದರೂ ಗಣಿತ ಶಿಕ್ಷಣದವರು ಈ ಬಸ್ಸಿನ ಲೆಕ್ಕವನ್ನು ಮರೆತಿಲ್ಲ. ಕೈಗೆ ಲೆಕ್ಕ ಬಂದು ತಲೆಗೆ ಬಾರದಿರುವುದು ಹೇಗೆ ಎಂಬುದಕ್ಕೆ ಇಷ್ಟು ಚೊಕ್ಕವಾದ ಸಾಕ್ಷಿ ಇನ್ನೊಂದು ಸಿಕ್ಕುವುದು ಕಷ್ಟ.

‘31 ಬಸ್ಸು, ಶೇಷ 12’ ಎಂದು ಬರೆದ ಹುಡುಗ ದಡ್ಡನೇ? ಖಂಡಿತ ಅಲ್ಲ. ಅವನನ್ನೇ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ಅವನ ತಂಗಿಯೂ ಉಳಿದ ಹನ್ನೆರಡರಲ್ಲಿ ಒಬ್ಬಳು ಎಂದು ತೋರಿಸಿ. ಇನ್ನೊಂದು ಬಸ್ಸು ಬೇಕು ಎನ್ನಲು ಅವನಿಗೆ ಪೆನ್ಸಿಲ್ಲೂ ಬೇಕಾಗುವುದಿಲ್ಲ. ನೋಟ್‌ಬುಕ್ಕಿನ ಬಸ್ಸು ಬೇರೆ, ರಸ್ತೆಯ ಬಸ್ಸು ಬೇರೆ ಎಂದು ಅವನು ಕಲಿತುಬಿಟ್ಟಿದ್ದಾನೆ. ಕಲಿಸಿದವರು ನಾವು.

ಫ್ರಾನ್ಸಿನ ಗ್ರೆನೋಬ್ಲ್ ಎಂಬ ಊರಿನ ಗಣಿತ ಶಿಕ್ಷಣ ಸಂಸ್ಥೆಯವರು ಅದೇ ಸುಮಾರಿಗೆ ಇನ್ನೊಂದು ತುಂಟ ಲೆಕ್ಕವನ್ನು ಚಿಕ್ಕ ಮಕ್ಕಳಿಗೆ ಕೊಟ್ಟರು. ಹಡಗಿನಲ್ಲಿ 26 ಕುರಿ, 10 ಆಡು ಇವೆ. ಹಡಗಿನ ಕಪ್ತಾನನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಸಂಖ್ಯೆಗಳನ್ನೇ ಬಳಸಿ ಒಂದು ವಯಸ್ಸು ಹೇಳಿಬಿಟ್ಟರು. ನಗಬೇಡಿ. ಪುಸ್ತಕದಲ್ಲಿ ಎರಡು ಸಂಖ್ಯೆ ಇದ್ದರೆ ಏನಾದರೂ ಮಾಡಲೇಬೇಕು, ಮಾಡಿದರೆ ಉತ್ತರ ಬರಲೇಬೇಕು ಎಂಬ ಶಿಸ್ತನ್ನು ಆ ಮಕ್ಕಳು ವಿಧೇಯರಾಗಿ ಪಾಲಿಸಿದ್ದರು. ಇದು ಗಣಿತದಷ್ಟೇ ಮನಸ್ಸಿನ ವಿಚಾರ.

ನಮ್ಮ ತರಗತಿಗಳಲ್ಲಿ ಈ ಶಿಸ್ತು ಬೆಳೆಯುವ ಬಗೆ ಹೀಗೆ. ಮೂರನೇ ತರಗತಿಯವರೆಗೆ ನಲಿ-ಕಲಿ ಇದೆ. ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಹುಟ್ಟಿದ ಪದ್ಧತಿ ಅದು. ಅಲ್ಲಿ ಮಗುವಿನ ಕೈಯಲ್ಲಿ ಹುಣಸೆಬೀಜವಿರುತ್ತದೆ, ಕಲ್ಲಿರುತ್ತದೆ. ಹದಿನೇಳು ಬೀಜವನ್ನು ಐದೈದರ ಗುಡ್ಡೆ ಮಾಡು ಎಂದರೆ ಮೂರು ಗುಡ್ಡೆಯಾಗಿ ಎರಡು ಬೀಜ ನೆಲದ ಮೇಲೇ ಉಳಿದು ಕಣ್ಣಿಗೆ ಕಾಣುತ್ತವೆ. ನಾಲ್ಕಕ್ಕೆ ಬರುವ ಹೊತ್ತಿಗೆ ಬೀಜ ಹೋಗಿ ಆವರಣ, ಗೆರೆ, ಮೈನಸ್ ಚಿಹ್ನೆ ಬರುತ್ತವೆ. ಭಾಜಕ ಗುಣಿಸು ಭಾಗಲಬ್ಧ, ಕೂಡಿಸು ಶೇಷ, ಸಮ ಭಾಜ್ಯ ಎಂದು ತಾಳೆ ನೋಡುವ ಸೂತ್ರ ಬರುತ್ತದೆ. ಸೂತ್ರ ಒಳ್ಳೆಯದೇ, ಬಿಡಬಾರದು. ಆದರೆ ತಾಳೆ ಆಯಿತು ಎಂದ ಕೂಡಲೇ ಮಗುವಿಗೆ ಕೆಲಸ ಮುಗಿದಂತೆ ಅನಿಸುತ್ತದೆ. ಕೆಲಸ ಶುರುವಾಗುವುದೇ ಆಮೇಲೆ. ಜೊತೆಗೆ ನಾವು ಸುಳಿವು ಬೇರೆ ಕೊಟ್ಟಿರುತ್ತೇವೆ: ‘ತಲಾ’ ಎಂದು ಕಂಡರೆ ಭಾಗಿಸು, ‘ಸಮನಾಗಿ’ ಎಂದು ಕಂಡರೆ ಭಾಗಿಸು, ‘ಒಟ್ಟು’ ಎಂದು ಕಂಡರೆ ಕೂಡಿಸು. ಮಗು ಇಡೀ ವಾಕ್ಯ ಓದುವುದನ್ನು ಬಿಟ್ಟು ಆ ಒಂದು ಪದಕ್ಕಾಗಿ ಕಣ್ಣಾಡಿಸುತ್ತದೆ. ಬಸ್ಸು, ಬೆಟ್ಟ, ಜನ ಯಾವುದೂ ಅದಕ್ಕೆ ಬೇಕಾಗುವುದಿಲ್ಲ.

ಹಾಗಾದರೆ ಏನು ಹೇಳಿಕೊಡಬೇಕು? ‘ಶೇಷ ಉಳಿದರೆ ಒಂದು ಕೂಡಿಸು’ ಎಂಬ ಹೊಸ ಸೂತ್ರವನ್ನೇ? ಕೆಲವು ಮೇಷ್ಟ್ರುಗಳು ಇದನ್ನು ಮಾಡಿ ನೋಡಿದ್ದಾರೆ. ಬಸ್ಸಿನ ಲೆಕ್ಕವೇನೋ ಸರಿಹೋಗುತ್ತದೆ, ಉಳಿದವೆಲ್ಲ ಕೆಡುತ್ತವೆ. ಕೈಯಲ್ಲಿ 250 ರೂಪಾಯಿ ಇದೆ, ಒಂದು ನೋಟ್‌ಬುಕ್ಕಿಗೆ 30 ರೂಪಾಯಿ, ಎಷ್ಟು ನೋಟ್‌ಬುಕ್ಕು ಬರುತ್ತದೆ ಎಂದರೆ ಒಂಬತ್ತು ಎನ್ನುವಂತಿಲ್ಲ. ಒಂಬತ್ತನೆಯದಕ್ಕೆ ಅಂಗಡಿಯವನು ಇನ್ನೂ 20 ರೂಪಾಯಿ ಕೇಳುತ್ತಾನೆ. ಬರುವುದು ಎಂಟೇ, ಹತ್ತು ರೂಪಾಯಿ ಚಿಲ್ಲರೆ ವಾಪಸ್. ಸಂಖ್ಯೆಗಳು ಅವೇ, ಭಾಗಾಕಾರ ಅದೇ, ಉತ್ತರ ಬೇರೆ.

ಇನ್ನು ಬಿಸಿಯೂಟದ ಮೊಟ್ಟೆಗೆ ಬನ್ನಿ. ಶಾಲೆಯಲ್ಲಿ ಮೊಟ್ಟೆ ತಿನ್ನುವ ಮಕ್ಕಳು 64 ಮಂದಿ. ಬೇಡದವರಿಗೆ ಬಾಳೆಹಣ್ಣು ಇರುತ್ತದೆ, ಅದು ಬೇರೆ ಲೆಕ್ಕ. ಒಂದು ಟ್ರೇಗೆ 30 ಮೊಟ್ಟೆ. ಭಾಗಿಸಿದರೆ 2, ಶೇಷ 4. ಹೆಡ್‌ಮಾಸ್ಟರು ಅಂಗಡಿಗೆ ಹೋಗಿ ಏನು ಕೇಳುತ್ತಾರೆ? ‘ಎರಡು ಟ್ರೇ ಕೊಡಪ್ಪ, ಮೇಲೆ ನಾಲ್ಕು ಬಿಡಿ ಮೊಟ್ಟೆ.’ ಬಸ್ಸಿಗೆ ತಪ್ಪಾಗಿದ್ದ ಉತ್ತರದ ರೂಪ ಇಲ್ಲಿ ಅಕ್ಷರಶಃ ಸರಿ. ಆ ಅಂಗಡಿಯವನು ಬಿಡಿ ಮೊಟ್ಟೆ ಕೊಡದೆ ಟ್ರೇ ಲೆಕ್ಕದಲ್ಲೇ ಮಾರುವವನಾದರೆ ಮೂರು ಟ್ರೇ ತರಬೇಕು, 26 ಮೊಟ್ಟೆ ಮಿಗುತ್ತವೆ. ಈ 26 ಭಾಗಾಕಾರದಲ್ಲಿ ಎಲ್ಲೂ ಬರೆದಿಲ್ಲ. ಆದರೆ ನಾಳೆ ಲೆಕ್ಕದ ಪುಸ್ತಕದಲ್ಲಿ ಹೆಡ್‌ಮಾಸ್ಟರು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಈಗ ಹೊಲಕ್ಕೆ ಹೋಗೋಣ. ಗುಂಡ್ಲುಪೇಟೆ ಸುತ್ತಮುತ್ತ ಮಳೆಗಾಲದಲ್ಲಿ ಚೆಂಡು ಹೂವಿನ ಹೊಲ ಹಳದಿ, ಕಿತ್ತಳೆಯಾಗಿ ಅರಳುವುದನ್ನು ರಸ್ತೆಯಲ್ಲಿ ಹೋಗುವವರೆಲ್ಲ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಆ ಸೊಗಸಿನ ಹಿಂದೆ ನರ್ಸರಿಯ ಪೈರಿನ ಲೆಕ್ಕವಿದೆ. ಪೈರು ಬೆಳೆಸುವ ಪ್ಲಾಸ್ಟಿಕ್ ಪ್ರೋ ಟ್ರೇಗಳಲ್ಲಿ ಸಾಮಾನ್ಯವಾಗಿ ಸಿಗುವುದಕ್ಕೆ 98 ಗುಳಿ. ರೈತನಿಗೆ 5000 ಪೈರು ಬೇಕು; ಎಷ್ಟು ಟ್ರೇ ತರಬೇಕು? 98ರಿಂದ ಭಾಗಿಸಿ ನೋಡಿ: 51 ಟ್ರೇ, ಉಳಿದದ್ದು 2. ಬಸ್ಸಿನ ಸೂತ್ರ ಕಲಿತ ಮಗು 52 ಎನ್ನುತ್ತದೆ. ರೈತ ಏನನ್ನುತ್ತಾನೆ? ‘ಎಲ್ಡ್ ಪೈರ್‌ಗೆ ಒಂದ್ ಟ್ರೇ ತಂದಾರ ಸಾ?’ ಎಂದು ನಗುತ್ತಾನೆ. ಐದು ಸಾವಿರದಲ್ಲಿ ಎರಡು ಕಡಿಮೆಯಾದರೆ ಹೊಲಕ್ಕೆ ಗೊತ್ತೂ ಆಗುವುದಿಲ್ಲ. ಇನ್ನೊಬ್ಬ ರೈತ 52 ಟ್ರೇಯನ್ನೇ ತರಬಹುದು. ನೆಟ್ಟ ಮೇಲೆ ಕೆಲವು ಬಾಡುತ್ತವೆ, ಬಾಡಿದ ಕಡೆ ತುಂಬಲು ಪೈರು ಕೈಯಲ್ಲಿರಲಿ ಎಂಬುದು ಅವನ ವಿವೇಕ. ಅವನು ಒಂದು ಟ್ರೇ ಹೆಚ್ಚು ತಂದದ್ದು ಶೇಷ ಎರಡು ಬಂತೆಂದಲ್ಲ, ಹೊಲ ಗೊತ್ತಿದೆ ಎಂದು. ಎರಡೇ ಎರಡು ಪೈರನ್ನು ಬಿಟ್ಟುಬಿಡಬಹುದು, ಬೆಟ್ಟದ ಬುಡದಲ್ಲಿ ಇಬ್ಬರನ್ನು ಬಿಡುವಂತಿಲ್ಲ. ಶೇಷ ಚಿಕ್ಕದೋ ದೊಡ್ಡದೋ ಎನ್ನುವುದಕ್ಕಿಂತ ಶೇಷವಾಗಿ ಉಳಿದದ್ದು ಯಾವುದು ಎಂಬುದನ್ನು ನೋಡಬೇಕಾಗುತ್ತದೆ. ಇದನ್ನು ಯಾವ ಸೂತ್ರವೂ ಮಗುವಿಗೆ ಹೇಳಲಾರದು.

ಪಾಲಿನ ಲೆಕ್ಕ ಇನ್ನೂ ಸೊಗಸು. ನಾಲ್ವರು ಅಣ್ಣತಮ್ಮಂದಿರಿಗೆ 7 ಎಕರೆ ಜಮೀನಿದೆ. ತಲಾ ಒಂದು ಎಕರೆ, ಮೂರು ಎಕರೆ ಉಳಿಯಿತು. ಅಷ್ಟಕ್ಕೇ ಬಿಟ್ಟು ಎದ್ದು ಹೋಗುತ್ತಾರೆಯೇ? ಒಂದು ಎಕರೆಗೆ 40 ಗುಂಟೆ. ಉಳಿದ ಮೂರು ಎಕರೆ 120 ಗುಂಟೆಯಾಯಿತು. ನಾಲ್ಕು ಪಾಲು ಮಾಡಿದರೆ ತಲಾ 30. ಪಹಣಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ 1 ಎಕರೆ 30 ಗುಂಟೆ ಎಂದು ಬರುತ್ತದೆ. ಶೇಷ ಎಂಬುದು ಇಲ್ಲವೇ ಇಲ್ಲ. ಅದು ಚಿಕ್ಕ ಅಳತೆಗೆ ಇಳಿದು ಹಂಚಿಕೆಯಾಗಿ ಹೋಯಿತು. ಅದೇ ಅಣ್ಣತಮ್ಮಂದಿರಿಗೆ ಕೊಟ್ಟಿಗೆಯಲ್ಲಿ 7 ಹಸು ಇವೆ ಎನ್ನಿ. ತಲಾ ಒಂದು ಬಂದು ಮೂರು ಉಳಿಯಿತು. ಹಸುವಿಗೆ ಗುಂಟೆ ಇಲ್ಲ! ಮೂವರು ಒಂದೊಂದು ಹಸು ಹೊಡೆದುಕೊಂಡು ಹೋಗಿ, ನಾಲ್ಕನೆಯವನಿಗೆ ಬೆಲೆ ಕಟ್ಟಿ ದುಡ್ಡು ಕೊಡಬೇಕು, ಇಲ್ಲವೇ ಮೂರನ್ನೂ ಮಾರಿ ಬಂದ ಹಣ ಹಂಚಿಕೊಳ್ಳಬೇಕು. ಊರಿನ ಹಿರಿಯರು ಜಗಲಿಯ ಮೇಲೆ ಕೂತು ಇಂಥ ಶೇಷಗಳನ್ನು ತೀರ್ಮಾನ ಮಾಡುತ್ತಲೇ ಬಂದಿದ್ದಾರೆ. ನಮ್ಮ ಅಜ್ಜಿಯಂದಿರೂ ಅಷ್ಟೇ. 25 ಸೇರು ಅಕ್ಕಿಯನ್ನು ಹತ್ತು ಮನೆಗೆ ಹಂಚು ಎಂದರೆ ಎರಡೆರಡು ಸೇರು ಅಳೆದು, ಉಳಿದ ಐದು ಸೇರಿಗೆ ಪಾವು ತೆಗೆದುಕೊಂಡು ಎರಡೆರಡು ಪಾವು ಹಾಕಿ ಮುಗಿಸುತ್ತಿದ್ದರು. ದಶಮಾಂಶ ಎಂಬ ಹೆಸರನ್ನು ಅವರು ಕೇಳಿರಲಿಲ್ಲ, ಐದನೇ ತರಗತಿಯಲ್ಲಿ ನಾವು ದಶಮಾಂಶ ಕಲಿಸುವಾಗ ಅವರ ಪಾವನ್ನು ನೆನಪಿಸಿಕೊಳ್ಳುವುದೂ ಇಲ್ಲ.

ಆಟದ ಮೈದಾನದಲ್ಲಿ ಪಿ.ಟಿ. ಮೇಷ್ಟ್ರಿಗೂ ಶೇಷ ಹೊಸದಲ್ಲ. 31 ಮಕ್ಕಳನ್ನು ಏಳೇಳರ ಕಬಡ್ಡಿ ತಂಡ ಮಾಡಿದರೆ ಮೂವರು ಉಳಿಯುತ್ತಾರೆ. ಇಬ್ಬರು ಬದಲಿ ಆಟಗಾರರು, ಒಬ್ಬನ ಕೈಗೆ ಸೀಟಿ. ತೆರಕಣಾಂಬಿಯ ತರಕಾರಿ ಮಾರುವ ಹೆಂಗಸು ಬುಟ್ಟಿಯ ತಳದಲ್ಲಿ ಉಳಿದ ನಾಲ್ಕು ನಿಂಬೆಹಣ್ಣನ್ನು ಕಡೆಯ ಗಿರಾಕಿಗೆ ಕೊಸರು ಹಾಕಿ ಎದ್ದುಬಿಡುತ್ತಾಳೆ.

ಇನ್ನು ಕೆಲವು ಲೆಕ್ಕಗಳಲ್ಲಿ ಭಾಗಲಬ್ಧವನ್ನೇ ಎಸೆದು ಶೇಷವನ್ನು ಇಟ್ಟುಕೊಳ್ಳುತ್ತೇವೆ. ಇವತ್ತು ಸೋಮವಾರ, ಇನ್ನು ನೂರು ದಿನಕ್ಕೆ ಯಾವ ವಾರ? 7ರಿಂದ ಭಾಗಿಸಿದರೆ 14 ವಾರ ಕಳೆದು 2 ಉಳಿಯುತ್ತದೆ. ಹದಿನಾಲ್ಕು ಯಾರಿಗೂ ಬೇಡ. ಸೋಮವಾರದಿಂದ ಎರಡು ದಿನ ಮುಂದೆ, ಬುಧವಾರ. ಪಂಚಾಂಗದಲ್ಲಿ ಸಂವತ್ಸರದ ಹೆಸರು ಬರುವುದೂ ಹೀಗೇ. ಶಾಲಿವಾಹನ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಬೇಕು. 2025ರ ಯುಗಾದಿಗೆ ಶಕ 1947 ಶುರುವಾಯಿತು. 12 ಕೂಡಿಸಿದರೆ 1959; ಅರವತ್ತರಿಂದ ಭಾಗಿಸಿದರೆ 32 ಬಂದು 39 ಉಳಿಯುತ್ತದೆ. ಪ್ರಭವ, ವಿಭವ ಎಂದು ಎಣಿಸುತ್ತ ಹೋಗಿ, ಮೂವತ್ತೊಂಬತ್ತನೆಯದು ವಿಶ್ವಾವಸು. ಏನೂ ಉಳಿಯದಿದ್ದರೆ ಅರವತ್ತನೆಯ ಅಕ್ಷಯ. ಮನೆ ಕಟ್ಟುವಾಗ ಆಯ ನೋಡುವವರು ಉದ್ದ ಅಗಲ ಗುಣಿಸಿ 8ರಿಂದ ಭಾಗಿಸುವುದು ಶೇಷಕ್ಕಾಗಿಯೇ. ಒಂದು ಉಳಿದರೆ ಧ್ವಜಾಯ, ಮೂರು ಉಳಿದರೆ ಸಿಂಹಾಯ. ಅದನ್ನು ನಂಬಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಶಾಲೆಯಲ್ಲಿ ಶೇಷವನ್ನು ಮೂಲೆಗೆ ತಳ್ಳಿದ ಸಮಾಜವೇ ಮನೆಯ ಬಾಗಿಲಿಡುವಾಗ ಶೇಷದ ಮಾತು ಕೇಳುತ್ತದೆ ಎನ್ನುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಕನ್ನಡ ನಾಡಿನಲ್ಲಿ ಶೇಷವನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಗಣಿತಜ್ಞನೊಬ್ಬ ಇದ್ದ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರ ಸಂಗ್ರಹ’ ಬರೆದ ಮಹಾವೀರಾಚಾರ್ಯ. ಗ್ರಂಥ ಸಂಸ್ಕೃತದಲ್ಲಿದೆ. ಮದರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಬೆಳಕಿಗೆ ತಂದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಯಿತು. ಅದರ ಲೆಕ್ಕಗಳಲ್ಲಿ ಒಂದರ ಸಾರ ಇಷ್ಟು. ಹಣ್ಣು ಹೂವಿನಿಂದ ತುಂಬಿದ ತಂಪಾದ ಕಾಡಿನಂಚಿಗೆ ದಣಿದ 23 ಪ್ರಯಾಣಿಕರು ಬರುತ್ತಾರೆ. ಅಲ್ಲಿ ಒಂದೇ ಸಮನಾದ 63 ಗುಡ್ಡೆ ಬಾಳೆಹಣ್ಣು ಇವೆ, ಮೇಲೆ ಏಳು ಬಿಡಿ ಹಣ್ಣು. ಎಲ್ಲವನ್ನೂ ಸೇರಿಸಿ ಹಂಚಿಕೊಂಡರೆ ಒಂದೂ ಉಳಿಯದೆ ಸಮಪಾಲಾಗುತ್ತದೆ. ಒಂದು ಗುಡ್ಡೆಯಲ್ಲಿ ಎಷ್ಟು ಹಣ್ಣು?

ಏಲಕ್ಕಿ ಬಾಳೆ, ನೇಂದ್ರ ಬಾಳೆ ಬೆಳೆಯುವ, ಕಾಡಿನಂಚಿನಲ್ಲೇ ಊರುಗಳಿರುವ ನಮ್ಮ ಸೀಮೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಲೆಕ್ಕ ಯಾವುದಿದೆ? ಮಹಾವೀರಾಚಾರ್ಯ ಇದಕ್ಕೆ ಕುಟ್ಟೀಕಾರ ಎಂಬ ದೊಡ್ಡ ವಿಧಾನವನ್ನೇ ಕೊಡುತ್ತಾನೆ. ಐದನೇ ತರಗತಿಗೆ ಅದು ಬೇಡ, ಸುಮ್ಮನೆ ಪ್ರಯತ್ನ ಮಾಡಿಸಿ. ಗುಡ್ಡೆಗೆ ಒಂದು ಹಣ್ಣಾದರೆ ಒಟ್ಟು 70. ಇಪ್ಪತ್ತಮೂರು ಜನಕ್ಕೆ ಹಂಚಿದರೆ ಉಳಿಯುವುದು 1. ಗುಡ್ಡೆಗೆ ಎರಡಾದರೆ 133, ಉಳಿಯುವುದು 18. ಮೂರಾದರೆ 196, ಉಳಿಯುವುದು 12. ನಾಲ್ಕಾದರೆ 259, ಉಳಿಯುವುದು 6. ಇಲ್ಲಿಗೆ ಬರುವ ಹೊತ್ತಿಗೆ ಯಾವುದಾದರೂ ಒಂದು ಮಗು ಬೆಂಚಿನಿಂದ ಎದ್ದೇಳುತ್ತದೆ: ಹದಿನೆಂಟು, ಹನ್ನೆರಡು, ಆರು... ಮುಂದಿನದು ಸೊನ್ನೆ! ಹೌದು, ಗುಡ್ಡೆಗೆ ಐದಾದರೆ ಒಟ್ಟು 322 ಹಣ್ಣು, ತಲಾ 14, ಏನೂ ಉಳಿಯುವುದಿಲ್ಲ. ಇಲ್ಲಿ ಶೇಷವೇ ಮಗುವನ್ನು ಉತ್ತರಕ್ಕೆ ಕರೆದುಕೊಂಡು ಹೋಯಿತು. ಅದಾದ ಮೇಲೆ ಅದೇ ಮಗು ಕೇಳಬಹುದು, ಒಂದು ಹಣ್ಣಾದಾಗ ಶೇಷ 1 ಯಾಕೆ ಬಂತು, ಆರು ಆರು ಇಳಿಯುವ ಸಾಲಿಗೆ ಅದು ಸೇರುವುದಿಲ್ಲವಲ್ಲ? ಸೇರುತ್ತದೆ. ಒಂದರಿಂದ ಆರು ಕಳೆಯಲು ಆಗದೆ ಇಪ್ಪತ್ತಮೂರನ್ನು ಸಾಲ ತಂದು ಕೂಡಿಸಿದರೆ 24. ಆರು ಕಳೆದರೆ 18. ಈ ಪ್ರಶ್ನೆ ಬಂದ ದಿನ ಮೇಷ್ಟ್ರು ಪಾಠ ನಿಲ್ಲಿಸಿ ಅದರ ಹಿಂದೆಯೇ ಹೋಗಬೇಕು, ಪಾಠಯೋಜನೆ ಹಾಳಾದರೂ ಚಿಂತೆಯಿಲ್ಲ.

ಶಿಕ್ಷಕ ಮಿತ್ರರಿಗೆ ಕೆಲಸಕ್ಕೆ ಬರುವಂಥ ಮಾತು ಒಂದೆರಡು ಹೇಳಬೇಕು. ಮೊದಲನೆಯದಾಗಿ, ಲೆಕ್ಕವನ್ನು ತಿರುಗಿಸಿ ಕೊಡಿ. ಬೋರ್ಡಿನ ಮೇಲೆ 250 ಭಾಗಿಸು 30, ಭಾಗಲಬ್ಧ 8, ಶೇಷ 10 ಎಂದು ನೀವೇ ಬರೆದುಬಿಡಿ. ಭಾಗಾಕಾರದ ಭಯ ಅಲ್ಲಿಗೆ ಹೋಯಿತು. ಈಗ ಮಕ್ಕಳಿಗೆ ಹೇಳಿ: ಇದೇ ಲೆಕ್ಕದಿಂದ ಉತ್ತರ 8 ಬರುವ ಒಂದು ಕತೆ ಕಟ್ಟಿ; 9 ಬರುವ ಒಂದು, 10 ಬರುವ ಒಂದು; ಕೈಲಾದರೆ 20 ಬರುವ ಒಂದು. ಎಂಟಕ್ಕೆ ಅಂಗಡಿಯ ಕತೆ ಬರುತ್ತದೆ, ಒಂಬತ್ತಕ್ಕೆ ಬಸ್ಸೋ ಜೀಪೋ ಬರುತ್ತದೆ. ಹತ್ತಕ್ಕೆ ‘ಕಡೆಯ ಬಸ್ಸಿನಲ್ಲಿ ಎಷ್ಟು ಜನ ಹೋದರು’ ಎಂದು ಕೇಳಬಹುದೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕು. ಇಪ್ಪತ್ತಕ್ಕೆ ತರಗತಿ ಗಪ್ಪನೆ ಮೌನವಾಗುತ್ತದೆ. ಆಗ ತಾಳ್ಮೆಯಿಂದಿರಿ, ಬಾಯಿ ಬಿಡಬೇಡಿ. ಕಡೆಯ ಬಸ್ಸಿನಲ್ಲಿ ಖಾಲಿ ಸೀಟು ಎಷ್ಟು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಅದೂ ಬಹಳ ಸಲ ಲೆಕ್ಕದಲ್ಲಿ ಹಿಂದೆ ಎಂದು ನಾವು ಗುರುತು ಹಾಕಿಟ್ಟ ಮಗುವೇ.

ಎರಡನೆಯದು, ವಿಚಿತ್ರ ಉತ್ತರ ಬಂದರೆ ಕೆಂಪು ಗೆರೆ ಎಳೆಯುವ ಮೊದಲು ಯಾಕೆ ಎಂದು ಕೇಳಿ. ಬಸ್ಸಿನ ಲೆಕ್ಕಕ್ಕೆ ಒಬ್ಬ ಹುಡುಗಿ ‘ಎಂಟೇ ಸಲ ಸಾಕು’ ಎಂದಳು ಎನ್ನಿ. ಶೇಷವನ್ನು ಮರೆತಳು ಎಂದು ನೀವು ತಿಳಿಯುತ್ತೀರಿ. ಕೇಳಿದರೆ, ‘ಮಿಕ್ಕಿದ್ ಹತ್ ಜನ ಒಂದೊಂದ್ ಬಸ್ಸಲ್ಲಿ ಒಬ್ರು ಇಬ್ರು ನಿಂತ್ಕಂಡ್ ಹೋಯ್ತರೆ ಕನ ಮಿಸ್’ ಎನ್ನುತ್ತಾಳೆ. ಬೇಕಾದರೆ ನೀವೇ ಲೆಕ್ಕ ಹಾಕಿ: ಆರು ಸಲ ಒಬ್ಬೊಬ್ಬರು, ಎರಡು ಸಲ ಇಬ್ಬಿಬ್ಬರು ನಿಂತರೆ ಹತ್ತೂ ಜನ ಹೋದರು. ನಮ್ಮ ಕಂಡಕ್ಟರು ಮಾಡುವುದೂ ಅದನ್ನೇ. ನಿಂತು ಹೋಗುವಂತಿಲ್ಲ ಎಂಬ ಷರತ್ತನ್ನು ಲೆಕ್ಕ ಬರೆದವರು ಸೇರಿಸಿರಲಿಲ್ಲ. ತಪ್ಪಿದ್ದರೆ ಅದು ನಮ್ಮ ಪ್ರಶ್ನೆಯದು. ‘ಇನ್ನೊಂದ್ ಬಸ್ ಬರಗಂಟ ಅವ್ರು ಕಾಯ್ತರೆ’ ಎಂದು ಇನ್ನೊಬ್ಬ ಹೇಳಿದರೆ ಅವನು ಒಂಬತ್ತನ್ನೇ ಹೇಳುತ್ತಿದ್ದಾನೆ, ಸಂಖ್ಯೆಯಲ್ಲಿ ಹೇಳುತ್ತಿಲ್ಲ ಅಷ್ಟೆ. ಅವನನ್ನು ಸಂಖ್ಯೆಗೆ ಕರೆತರುವುದು ಸುಲಭ. ‘8, ಶೇಷ 10’ ಎಂದು ಬರೆದು ಸುಮ್ಮನೆ ಕೂತವನನ್ನು ಬೆಟ್ಟದ ಬುಡಕ್ಕೆ ಕರೆತರುವುದೇ ಕಷ್ಟ.

ಮನೆಯಲ್ಲಿ ಕೇಳುತ್ತಿರುವ ತಂದೆ ತಾಯಂದಿರು ಟ್ಯೂಷನ್ನಿಗೆ ದುಡ್ಡು ಕಟ್ಟುವ ಮೊದಲು ಮಗುವನ್ನು ಹೊಲಕ್ಕೋ ಅಡುಗೆಮನೆಗೋ ಕರೆದುಕೊಂಡು ಹೋಗಿ. ಸಣ್ಣ ಈರುಳ್ಳಿ 430 ಕೆ.ಜಿ. ಆಗಿದೆ, 50 ಕೆ.ಜಿ.ಯ ಚೀಲ ಎಷ್ಟು ತರಲಿ ಎಂದು ಕೇಳಿ. ಎಂಟು ಎಂದರೆ ಎಂಟೇ ತಂದು ತುಂಬಿಸಿ. ನೆಲದ ಮೇಲೆ ಉಳಿದ 30 ಕೆ.ಜಿ. ಈರುಳ್ಳಿ ಉಳಿದ ಪಾಠವನ್ನು ಮಾಡುತ್ತದೆ. ಬಯ್ಯುವ ಅಗತ್ಯ ಬೀಳುವುದಿಲ್ಲ.

ಕಡೆಯದಾಗಿ ಅಂಕದ ಮಾತು. ನಾವು ಯಾವುದಕ್ಕೆ ಅಂಕ ಕೊಡುತ್ತೇವೋ ಮಕ್ಕಳು ಅದನ್ನೇ ಕಲಿಯುತ್ತಾರೆ. ಮೂರು ಅಂಕದ ಹೇಳಿಕೆ ಲೆಕ್ಕದಲ್ಲಿ ಮೂರನ್ನೂ ಭಾಗಾಕಾರಕ್ಕೇ ಸುರಿದುಬಿಡಬೇಡಿ. ಒಂದನ್ನು ಕೊನೆಯ ವಾಕ್ಯಕ್ಕೆ ಎತ್ತಿಡಿ. ಬರೀ ಸಂಖ್ಯೆ ಸಾಲದು, ಪೂರ್ತಿ ವಾಕ್ಯ ಬೇಕು: ‘ಎಲ್ಲರೂ ಮೇಲೆ ಹೋಗಲು ಬಸ್ಸು 9 ಸಲ ಹತ್ತಬೇಕು, ಯಾಕೆಂದರೆ 10 ಜನ ಉಳಿದಿದ್ದಾರೆ.’ ಆ ‘ಯಾಕೆಂದರೆ’ ಬರೆಯಲು ಉತ್ತರ ಪತ್ರಿಕೆಯಲ್ಲಿ ಎರಡು ಗೆರೆ ಜಾಗ ಬಿಡಿ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಸದ್ಯಕ್ಕೆ ಬಿಟ್ಟಿರುವುದು ಒಂದು ಸಂಖ್ಯೆ ಬರೆಯುವಷ್ಟು ಚೌಕ ಮಾತ್ರ.